ಮಗಳ ಹತ್ತನೆಯ ಇಯತ್ತೆ

2021ರ ಚಳಿಗಾಲದ ಒಂದು ಮುಂಜಾನೆ ನಮ್ಮ ಧಾರವಾಡದ ಮನೆಯ ಬಾಗಿಲಿಗೆ ಕೈಯಲ್ಲೊಂದು ಪಟ್ಟಿ ಹಿಡಿದ ಗೃಹಸ್ಥರೊಬ್ಬರು ಬಂದು ನಿಂತರು. ಶಿಕ್ಷಣ ಇಲಾಖೆಯ ಸಿ.ಆರ್.ಪಿ. ಅವರು, ತಮ್ಮ ವ್ಯಾಪ್ತಿಯಲ್ಲಿ ಶಾಲೆಗೆ ಬಾರದಿರುವ ಮಕ್ಕಳ ಮನೆಗಳಿಗೆ ಭೇಟಿ ಕೊಡುತ್ತ ಹೊರಟಿದ್ದರು. ಕೊಟ್ಟ ನೀರು ಕುಡಿದು, ಪಟ್ಟಿಯನ್ನು ತಿರುವಿ, ಒಂದು ಹೆಸರಿನ ಮೇಲೆ ಬೆರಳಿಟ್ಟರು. ಅದು ನನ್ನ ಮಗಳ ಹೆಸರು. ಪುಟದ ತಲೆಯಲ್ಲಿ “ಶಾಲೆಯಿಂದ ಹೊರಗುಳಿದ ಮಕ್ಕಳು” ಎಂದು ಬರೆದಿತ್ತು.

ಇಷ್ಟಲಿಂಗ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದ ನಮ್ಮ ಮಾವನವರು ಅದನ್ನು ಕೇಳಿಸಿಕೊಂಡರು. 36 ವರ್ಷ ಶಿಕ್ಷಕರಾಗಿ, ಮುಖ್ಯಾಧ್ಯಾಪಕರಾಗಿ ಸೇವೆ ಸಲ್ಲಿಸಿದವರು ಅವರು. ತಮ್ಮ ಸೇವಾವಧಿಯಲ್ಲಿ ಇಂಥದೇ ಪಟ್ಟಿ ಹಿಡಿದು ಕುರಿಗಾರರ, ಕೂಲಿಕಾರರ ಬಿಡಾರಗಳನ್ನು ಅಲೆದು, ತಾಯಿತಂದೆಯರಿಗೆ ಕೈಮುಗಿದು ಮಕ್ಕಳನ್ನು ಶಾಲೆಗೆ ಕರೆತಂದವರು. ಈಗ ಅವರ ಮೊಮ್ಮಗಳ ಹೆಸರೇ ಆ ಪಟ್ಟಿಯಲ್ಲಿತ್ತು. ಬಂದವರಿಗೆ ಅವರು ಏನೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅಂದು ಮಧ್ಯಾಹ್ನ ಪ್ರಸಾದಕ್ಕೆ ಮಾತ್ರ ಏಳಲಿಲ್ಲ.

ನಮ್ಮ ಮಗಳಿಗೆ ಚಿಕ್ಕಂದಿನಿಂದ ಉಗ್ಗು. ಕೆಲವು ಅಕ್ಷರಗಳ ಮುಂದೆ ನಾಲಗೆ ನಿಂತುಬಿಡುತ್ತದೆ. ಅವಳ ಹೆಸರಿನ ಮೊದಲನೆಯ ಅಕ್ಷರವೂ ಅವುಗಳಲ್ಲೊಂದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದೆವು. ಅಲ್ಲಿಯವರು ಕಲಿಸಿದ ಅಭ್ಯಾಸಗಳಿಂದ ಉಪಯೋಗವಾಯಿತು. ಆದರೆ ಅವಸರಪಡಿಸಿದರೆ, ನಕ್ಕರೆ, ಮಾತು ಮತ್ತೆ ಕಟ್ಟಿಕೊಳ್ಳುತ್ತಿತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಇವೆರಡೂ ತಪ್ಪುವಂಥವಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಅವಳು ಐದನೆಯ ಇಯತ್ತೆ. ಆರನೆಯದು ಪೂರ್ತಿ ಮನೆಯಲ್ಲಿಯೇ, ಮೊಬೈಲಿನ ಮುಂದೆ ಕಳೆಯಿತು. ಆ ಒಂದೂವರೆ ವರ್ಷದಲ್ಲಿ ಅವಳು ಮಾತಾಡಿದಷ್ಟು ಅದರ ಹಿಂದಿನ ಐದು ವರ್ಷಗಳಲ್ಲಿ ಮಾತಾಡಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು. 2021ರ ಸೆಪ್ಟೆಂಬರಿನಲ್ಲಿ ಶಾಲೆ ತೆರೆದು, ಏಳನೆಯ ಇಯತ್ತೆಗೆ ಎರಡು ವಾರ ಹೋಗಿ ಬಂದವಳು ಮನೆಯಲ್ಲಿಯೂ ಮೌನಿಯಾದಳು. ಹಾಜರಿಯ ಹೊತ್ತಿಗೆ ಏನಾಗುತ್ತಿತ್ತೆಂಬುದನ್ನು ಅವಳ ಗೆಳತಿಯೊಬ್ಬಳಿಂದ ತಿಳಿದೆ. ಅದನ್ನಿಲ್ಲಿ ಬರೆಯಲಾರೆ. ವರ್ಗಾವಣೆ ಪತ್ರ ತಂದುಬಿಟ್ಟೆವು. ಅತಿಥಿ ಉಪನ್ಯಾಸಕಿಯ ಕೆಲಸವನ್ನು ನಾನು ಬಿಟ್ಟೆ.

ಮಾವನವರಿಗೆ ಈ ನಿರ್ಧಾರ ಏಕೆ ಅಷ್ಟು ನೋವು ಕೊಟ್ಟಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿ, ನವಲಗುಂದದ ಕಡೆಯ ಹಳ್ಳಿಯಿಂದ ಬಂದು ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಅವರು. ಆ ರೊಟ್ಟಿಯ ಋಣವನ್ನು ಇಂದಿಗೂ ಹೇಳುತ್ತಾರೆ. ವಿಜಯಪುರದಲ್ಲಿ 1910ರಲ್ಲಿ ಹಳಕಟ್ಟಿಯವರೇ ಮೊದಲಾದವರು ವಿದ್ಯಾಸಂಸ್ಥೆ ಕಟ್ಟಿದ್ದು, ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದ್ದು, ಮಠಗಳ ಸ್ವಾಮಿಗಳು ಜೋಳಿಗೆ ಹಿಡಿದು ಕಾಳುಕಡಿ ಕೂಡಿಸಿ ಹುಡುಗರನ್ನು ಓದಿಸಿದ್ದು, ಇವೆಲ್ಲ ಅವರ ಪಾಲಿಗೆ ಇತಿಹಾಸದ ಪಾಠಗಳಲ್ಲ, ಮನೆತನದ ಕಥೆಗಳು. ಅಂಥವರ ಮನೆಯಲ್ಲಿ, ಅದೂ ಹೆಣ್ಣುಮಗುವನ್ನು, ಶಾಲೆ ಬಿಡಿಸಿ ಕೂಡಿಸಿದ್ದೆವು. “ಸಾಲಿ ಬಿಡಿಸಿದ ಹುಡಿಗಿ ಅಂತ ಅನಸ್ಕೋತಾಳ ಆಕಿ. ಆ ಮಾತು ಆಕಿ ಜೋಡಿ ಹೋಗತೈತಿ, ತಂಗಿ” ಎಂದು ಒಂದೇ ಒಂದು ಸಲ ನನಗೆ ಹೇಳಿದರು. ಅಕ್ಕನ ಬಳಗದಲ್ಲಿ ಕೆಲವರು ಆ ಮಾತನ್ನು ನನ್ನ ಬೆನ್ನ ಹಿಂದೆ ಆಡುತ್ತಿದ್ದರೆಂಬುದೂ ನನಗೆ ಗೊತ್ತಿತ್ತು.

ಕಾನೂನಿನ ಅಂಜಿಕೆಯೂ ಇತ್ತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಾಯಿತಂದೆಯರ ಕರ್ತವ್ಯವೆಂದು ಹೇಳುತ್ತದೆ. ಹಾಗೆ ಮಾಡದವರಿಗೆ ಶಿಕ್ಷೆಯನ್ನೇನೂ ವಿಧಿಸುವುದಿಲ್ಲ. ಮನೆಯಲ್ಲಿಯೇ ಓದಿಸಬಹುದೆಂದು ಅದರಲ್ಲಿ ಬರೆದಿಲ್ಲ, ಓದಿಸಬಾರದೆಂದೂ ಇಲ್ಲ. ಸಿ.ಆರ್.ಪಿ. ಅವರು ಸಜ್ಜನರು. ಮಗಳ ವಹಿಗಳನ್ನು ತಿರುವಿ ನೋಡಿ, “ಮುಂದಿನ ಪರೀಕ್ಷೆಗಾದರೂ ದಾರಿ ನೋಡಿಕೊಳ್ಳಿ, ತಾಯಿ” ಎಂದು ಹೇಳಿ ಹೋದರು. ಏಳು, ಎಂಟನೆಯ ಇಯತ್ತೆಗಳ ಪಾಠಗಳನ್ನು ಮನೆಯಲ್ಲಿ ಹೇಗೋ ನಡೆಸಿದೆವು. ಆ ವಯಸ್ಸಿನಲ್ಲಿ ಯಾವ ಪುಸ್ತಕ ಓದಿಸಿದರೂ ನಡೆಯುತ್ತದೆ. 2023ರ ಜನವರಿಯಲ್ಲಿ ಅವಳಿಗೆ 14 ತುಂಬಿದಾಗ ಅವರ ಮಾತು ನೆನಪಿಗೆ ಬಂತು. ಯಾವ ಪಠ್ಯಕ್ರಮ? ಯಾವ ಪರೀಕ್ಷೆ?

ಆಗ ನಾನು ಮಾಡಿದ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಅಮೇರಿಕೆಯ ಟೆಕ್ಸಾಸಿನಲ್ಲಿರುವ ನನ್ನ ಮೈದುನ, ತನ್ನ ನೆರೆಮನೆಯವರು ಮಕ್ಕಳನ್ನು ಮನೆಯಲ್ಲಿಯೇ ಓದಿಸುವುದನ್ನು ಕಂಡು, ಅವರ ಹಳೆಯ ಪುಸ್ತಕಗಳನ್ನು ಒಂದು ಪೆಟ್ಟಿಗೆ ತುಂಬ ಕಳಿಸಿದ್ದ. ಸುಂದರವಾದ ಪುಸ್ತಕಗಳು. ಜೀವಶಾಸ್ತ್ರದ ಪುಸ್ತಕವನ್ನಂತೂ ಮಗಳು ಕಥೆಯಂತೆ ಓದಿದಳು. ಆ ದೇಶದ ಎಲ್ಲ 50 ಸಂಸ್ಥಾನಗಳಲ್ಲಿ ಮನೆಶಿಕ್ಷಣ ಕಾನೂನುಸಮ್ಮತ. ಟೆಕ್ಸಾಸಿನಲ್ಲಿಯಂತೂ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ 1994ರಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆಯ ಸಾಲಿಗೆ ಸೇರಿಸಿದೆ. ತಾಯಿತಂದೆಯರೇ ಅಂಕಪಟ್ಟಿ ಸಿದ್ಧಪಡಿಸಿ ಸಹಿ ಹಾಕುತ್ತಾರೆ, ವಿಶ್ವವಿದ್ಯಾಲಯಗಳು ಅದನ್ನು ಒಪ್ಪುತ್ತವೆ. ಇದನ್ನು ಹೇಳಿದಾಗ ಮಾವನವರು ಬಹಳ ದಿನಗಳ ಮೇಲೆ ನಕ್ಕರು. “ಅವ್ವನ ಕೈಯಾಗ ಮಾರ್ಕ್ಸ್ ಕಾರ್ಡು ಕೊಟ್ರ ನಾಪಾಸಾಗವ್ರು ಯಾರು?” ಎಂದರು. ಆ ಪುಸ್ತಕಗಳು ಫ್ಯಾರನ್‌ಹೀಟಿನಲ್ಲಿ ಬಿಸಿಲನ್ನೂ ಪೌಂಡಿನಲ್ಲಿ ತೂಕವನ್ನೂ ಹೇಳುತ್ತಿದ್ದವು. ಅದು ದೊಡ್ಡ ತೊಡಕಲ್ಲ. ಅವುಗಳನ್ನು ಓದಿ ಮುಗಿಸಿದ ಹುಡುಗಿ ಧಾರವಾಡದಲ್ಲಿ ಯಾವ ಬಾಗಿಲಿಗೆ ಹೋಗಿ ನಿಲ್ಲಬೇಕೆಂಬುದಕ್ಕೆ ಮಾತ್ರ ಆ ಪೆಟ್ಟಿಗೆಯಲ್ಲಿ ಉತ್ತರವಿರಲಿಲ್ಲ.

ಎರಡನೆಯ ತಪ್ಪು ಪ್ರತಿಷ್ಠೆಯದು. ಬೆಂಗಳೂರಿನ ಬಂಧುಗಳ ಮನೆಯಲ್ಲಿ ಕೇಂಬ್ರಿಜ್ ಪರೀಕ್ಷೆಯ ಹೆಸರು ಕೇಳಿದ ಮೇಲೆ ಎರಡು ತಿಂಗಳು ನನಗೆ ಬೇರೆ ಯೋಚನೆಯಿರಲಿಲ್ಲ. ಶಾಲೆ ಬಿಡಿಸಿದವಳು ಎಂದವರ ಎದುರು ಹೇಳಿಕೊಳ್ಳಲು ಅದಕ್ಕಿಂತ ದೊಡ್ಡ ಹೆಸರು ಎಲ್ಲಿ ಸಿಕ್ಕೀತು? ಒಂದೊಂದು ವಿಷಯದ ಶುಲ್ಕವನ್ನು ಕೇಳಿದಾಗ ಸಹಕಾರಿ ಬ್ಯಾಂಕಿನಲ್ಲಿ ನೌಕರಿ ಮಾಡುವ ನಮ್ಮ ಯಜಮಾನರು ಹೌದೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮನೆಖರ್ಚಿನ ವಹಿಯನ್ನು ತಂದು ನನ್ನ ಮುಂದಿಟ್ಟರು.

ಉಳಿದವು ಎರಡು ದಾರಿಗಳು. ಒಂದು, ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಎಲ್ಲರಿಗೂ ಪರಿಚಿತವಾದ ಪರೀಕ್ಷೆ, ಖರ್ಚು ಕಡಿಮೆ, ಪುಸ್ತಕ ಎಲ್ಲಿಯೂ ಸಿಗುತ್ತವೆ. ಆದರೆ ಮೂರು ಭಾಷೆ, ಮೂರು ವಿಷಯ, ಒಟ್ಟು 625 ಅಂಕಗಳ ಭಾರವನ್ನು ಒಂದೇ ಹಂಗಾಮಿನಲ್ಲಿ ಹೊರಬೇಕು. ಮೂರನೆಯ ಭಾಷೆಯಾದ ಹಿಂದಿಯನ್ನು ನಾವು ಮನೆಯಲ್ಲಿ ಕಲಿಸಿಯೇ ಇರಲಿಲ್ಲ. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್.ಐ.ಒ.ಎಸ್. 1979ರಲ್ಲಿ ಸಿ.ಬಿ.ಎಸ್.ಇ. ಮಂಡಳಿಯ ಪ್ರಯೋಗವಾಗಿ ಆರಂಭವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆದದ್ದು; ಕೇಂದ್ರ ಸರ್ಕಾರದ್ದೇ. 14 ವರ್ಷ ತುಂಬಿದ ಯಾರೂ ಅದರ ಹತ್ತನೆಯ ತರಗತಿಗೆ ಹೆಸರು ಹಚ್ಚಬಹುದು. ಐದು ವಿಷಯ ಸಾಕು. ಬೇಕಾದರೆ ಇನ್ನೆರಡು ಕೂಡಿಸಿಕೊಳ್ಳಬಹುದು. ಭಾಷೆ ಒಂದಾದರೂ ಇರಬೇಕು, ಅದು ಕನ್ನಡವೂ ಆಗಬಹುದು. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ಗಳಲ್ಲಿ ಪರೀಕ್ಷೆ. ಹೆಸರು ಹಚ್ಚಿದ ಮೇಲೆ ಐದು ವರ್ಷಗಳೊಳಗೆ ತನ್ನ ಅನುಕೂಲದಂತೆ ಒಂದೆರಡು ವಿಷಯಗಳನ್ನಷ್ಟೇ ಬರೆಯುತ್ತ ಮುಗಿಸಬಹುದು. ಮುಕ್ತ ಶಾಲೆಯಲ್ಲಿ ಓದಿದವರು ವೈದ್ಯರಾಗುವಂತಿಲ್ಲವೆಂಬ ಮಾತು ನಮ್ಮ ಓಣಿಯಲ್ಲಿ ಹಬ್ಬಿತ್ತು. ಆ ನಿರ್ಬಂಧವನ್ನು ದೆಹಲಿಯ ಉಚ್ಚ ನ್ಯಾಯಾಲಯ 2018ರಲ್ಲಿಯೇ ತಳ್ಳಿಹಾಕಿತ್ತು. ಓಣಿಗೆ ಆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೇ.

ಹಾಗಾದರೆ ಹತ್ತನೆಯದನ್ನೂ ಹನ್ನೆರಡನೆಯದನ್ನೂ ಮನೆಯಿಂದಲೇ, ಮುಕ್ತ ಶಾಲೆಯ ಮೂಲಕವೇ ಮುಗಿಸಿಬಿಡೋಣ. ಪದವಿಯ ಹೊತ್ತಿಗೆ ಅವಳಿಗೆ 18 ತುಂಬಿರುತ್ತದೆ, ಜಗತ್ತನ್ನು ಎದುರಿಸುವ ಬಲ ಬಂದಿರುತ್ತದೆ. ನಾನು ಹೀಗೆಯೇ ನಿಶ್ಚಯಿಸಿದ್ದೆ. ಆ ನಿಶ್ಚಯದಲ್ಲಿ ಒಂದು ದೊಡ್ಡ ಗುಂಡಿಯಿತ್ತು. ಅದನ್ನು ಕಂಡವರು ಮಾವನವರು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳ ತಂದೆ, “ಮುಂದ ಏನಾಗಾಕಿ ನೀ?” ಎಂದು ಕೇಳಿದರು. ಇಷ್ಟು ದಿನ ಪಠ್ಯಕ್ರಮದ ಬಗ್ಗೆ ಅಷ್ಟೆಲ್ಲ ಚರ್ಚೆ ಮಾಡಿದ ನಾವು ಈ ಪ್ರಶ್ನೆಯನ್ನು ಅವಳಿಗೆ ಕೇಳಿಯೇ ಇರಲಿಲ್ಲವೆಂಬುದು ಆಗ ಹೊಳೆಯಿತು. ಅವಳು ಸಾವಕಾಶವಾಗಿ, ಎರಡು ಸಲ ತಡೆದು, “ಕೃಷಿ ಕಾಲೇಜಿಗೆ ಹೋಗಾಕಿ” ಎಂದಳು. ಅಜ್ಜನ ಹೊಲದ ಜೋಳದ ದಂಟು, ಕುಸುಬೆಯ ಎಲೆ, ಬದುವಿನ ಕಳೆಗಿಡ, ಇವುಗಳ ಚಿತ್ರಗಳಿಂದ ಅವಳ ವಹಿಗಳು ತುಂಬಿದ್ದವು. ನಾವು ಅದನ್ನು ಹೊತ್ತುಗಳೆಯುವ ಆಟವೆಂದುಕೊಂಡಿದ್ದೆವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿಯೇ ಇದೆ, 1986ರಿಂದ. ಅಲ್ಲಿಯ ಬಿ.ಎಸ್ಸಿ. ಕೃಷಿ ಪದವಿಗೆ ರಾಜ್ಯದ ಸಿ.ಇ.ಟಿ. ಮೂಲಕವೇ ಹೋಗಬೇಕು.

ಮಾವನವರು ಏನೂ ಅನ್ನದೆ ಎದ್ದು ಕೈತೊಳೆದರು. ಆ ಮೇಲೆ ಮಗನಿಗೆ ಹೇಳಿ ಸಿ.ಇ.ಟಿ.ಯ ಮಾಹಿತಿ ಪುಸ್ತಿಕೆಯನ್ನು ಬ್ಯಾಂಕಿನ ಹತ್ತಿರದ ಅಂಗಡಿಯಲ್ಲಿ ಅಚ್ಚು ಹಾಕಿಸಿ ತರಿಸಿದರು. ಭೂತಗನ್ನಡಿ ಹಿಡಿದು ಎರಡು ರಾತ್ರಿ ಓದಿದರು. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು ಕೆಂಪು ಗೆರೆ ಎಳೆದ ಒಂದು ಭಾಗವನ್ನು ತೋರಿಸಿದರು. ರಾಜ್ಯದ ಸೀಟಿಗೆ ಅರ್ಹರಾಗಬೇಕಾದರೆ ಸಾಮಾನ್ಯ ಅಭ್ಯರ್ಥಿಯು ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಲ್ಲಿ ಓದಿರಬೇಕು. ಜೊತೆಗೆ ಹತ್ತನೆಯದನ್ನು ಇಲ್ಲವೆ ಹನ್ನೆರಡನೆಯದನ್ನು ಈ ರಾಜ್ಯದಲ್ಲಿಯೇ ತೇರ್ಗಡೆಯಾಗಿರಬೇಕು. ಓದಿದ ಒಂದೊಂದು ವರ್ಷಕ್ಕೂ ವ್ಯಾಸಂಗ ಪ್ರಮಾಣಪತ್ರ ಬೇಕು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಬೇರೆ ರಾಜ್ಯಗಳಲ್ಲಿ ನೌಕರಿ ಮಾಡುವವರ ಮಕ್ಕಳು ಮುಂತಾದವರಿಗೆ ಬೇರೆ ಬೇರೆ ಕಲಮುಗಳಿವೆ. ಮನೆಯಲ್ಲಿ ಓದಿದ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವ ಕಲಮು ಅದರಲ್ಲಿರಲಿಲ್ಲ.

ಮಾವನವರು ಬೆರಳು ಮಡಚಿ ಎಣಿಸಿದರು. ಒಂದರಿಂದ ಐದು, ಶಾಲೆಯಲ್ಲಿ. ಆರನೆಯದು ಮೊಬೈಲಿನಲ್ಲಾದರೂ ಶಾಲೆಯ ದಾಖಲೆಯಲ್ಲಿದೆ. ಆರು. ಅಲ್ಲಿಗೆ ಬೆರಳು ನಿಂತಿತು. ಹನ್ನೆರಡನೆಯದನ್ನೂ ಮನೆಯಲ್ಲಿಯೇ ಮುಗಿಸಿದ್ದರೆ ಒಂದು ವರ್ಷದ ಕೊರತೆಯಿಂದ ಅವಳು ತನ್ನ ಊರಿನ ಕೃಷಿ ಕಾಲೇಜಿಗೆ ಪರಸ್ಥಳದವಳಾಗುತ್ತಿದ್ದಳು. “ಹತ್ತನೇದು ಮನ್ಯಾಗ ಆಗಲಿ” ಎಂದರು ಅವರು. “ಪಿ.ಯು.ಸಿ. ಎರಡು ವರ್ಷ ಕಾಲೇಜಿಗೆ ಹೋಗಲಿ. ಆರು ಎರಡು ಎಂಟು.” ಎರಡು ವರ್ಷ ನನ್ನೊಡನೆ ಈ ವಿಷಯ ಎತ್ತದಿದ್ದವರು ಒಂದು ಕೂಡಿಸುವ ಲೆಕ್ಕದೊಂದಿಗೆ ಒಳಗೆ ಬಂದರು. ಅಂದೇ ಅಟ್ಟದ ಟ್ರಂಕಿನಿಂದ ಒಂದು ಹಳೆಯ ಫೈಲು ಇಳಿಸಿ, ವರ್ಗಾವಣೆ ಪತ್ರವನ್ನೂ ಆರು ವರ್ಷಗಳ ಅಂಕಪಟ್ಟಿಗಳನ್ನೂ ಹೊಂದಿಸಿಟ್ಟರು.

ಹೀಗೆ ಪರೀಕ್ಷೆ ಯಾವುದೆಂಬುದು ಇತ್ಯರ್ಥವಾದ ಮೇಲೆ ವಿಷಯಗಳ ಆಯ್ಕೆಯಲ್ಲಿ ಮನೆಯೇ ಎರಡು ಪಾಲಾಯಿತು. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದಾದರೆ ಗಣಿತ, ವಿಜ್ಞಾನ ಇರಲೇಬೇಕೆಂದು ನಾವು ವಿಚಾರಿಸಿದ ಕಾಲೇಜಿನವರು ಹೇಳಿದ್ದರು. ಕನ್ನಡ, ಇಂಗ್ಲಿಷುಗಳ ಬಗ್ಗೆ ಜಗಳವಿರಲಿಲ್ಲ. ಐದನೆಯದು? ಅವಳ ತಂದೆಗೆ ಕಂಪ್ಯೂಟರಿಗೆ ಸಂಬಂಧಿಸಿದ ಡೇಟಾ ಎಂಟ್ರಿ ಬೇಕು. ಮಾವನವರಿಗೆ ಸಮಾಜ ವಿಜ್ಞಾನವಿಲ್ಲದ ಹತ್ತನೆಯ ಇಯತ್ತೆಯೆಂದರೆ ಉಪ್ಪಿಲ್ಲದ ಅಡುಗೆ. ನನಗೆ ಸಂಗೀತ. ಮುಕ್ತ ಶಾಲೆಯಲ್ಲಿ ಹಿಂದುಸ್ತಾನಿ ಸಂಗೀತವೂ ಒಂದು ವಿಷಯ. ಮಗಳು ಅಕ್ಕನ ಬಳಗದಲ್ಲಿ ವಚನ ಹಾಡಲು ಕುಳಿತರೆ ಒಂದಕ್ಷರವೂ ತೊಡರುವುದಿಲ್ಲ. ಉಗ್ಗುವವರಿಗೆ ಹಾಡುವಾಗ ಉಗ್ಗು ಬರುವುದು ತೀರ ಅಪರೂಪವೆಂದು ಮೈಸೂರಿನಲ್ಲಿಯೂ ಹೇಳಿದ್ದರು. ಹಿಂದೆ ನನ್ನನ್ನು ಆಡಿಕೊಂಡಿದ್ದವರೇ ಅವಳ ಹಾಡು ಕೇಳಿ ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೆ. ಅದರ ಮೇಲೆ ಒಂದು ಸರ್ಕಾರಿ ಮುದ್ರೆಯೂ ಬೀಳಲಿ ಎಂಬ ಆಸೆ ನನಗಿತ್ತು.

“ಅವ್ವಾ, ಮನಸಿಗೆ ಸಮಾಧಾನ ಆಗತೈತಿ ಅಂತ ಹಾಡತೀನಿ. ಅದಕ್ಕೂ ಮಾರ್ಕ್ಸ್ ಹಾಕಸಬ್ಯಾಡ” ಎಂದಳು. ತಡೆಯಿಲ್ಲದೆ ಎಂದಳು. ನಾನು ಸುಮ್ಮನಾದೆ. ಅವಳು ಆರಿಸಿಕೊಂಡದ್ದು ಚಿತ್ರಕಲೆ. ಎಲೆ-ದಂಟುಗಳನ್ನು ಬಿಡಿಸುವ ಕೈ ಮುಂದೆ ಕೃಷಿ ಕಾಲೇಜಿನಲ್ಲಿಯೂ ಬೇಕಾಗುತ್ತದೆಂಬುದು ಅವಳ ವಾದ. ಅಜ್ಜನ ಮನ್ನಣೆಗಾಗಿ ಸಮಾಜ ವಿಜ್ಞಾನವನ್ನೂ ಒಪ್ಪಿದಳು. ಒಟ್ಟು ಆರು. ಅವಳ ತಂದೆಯ ಕಂಪ್ಯೂಟರು ಬಿದ್ದುಹೋಯಿತು. ಅವರು ಅದನ್ನು ಇನ್ನೂ ಮರೆತಿಲ್ಲ.

ವೇಳಾಪಟ್ಟಿ ಹಾಕಿದವರೂ ಮಾವನವರೇ. ಮುಕ್ತ ಶಾಲೆಯ ಬೇಸಿಗೆಯ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ನಮ್ಮ ಪಿ.ಯು. ಕಾಲೇಜುಗಳು ಆರಂಭವಾಗಿರುತ್ತವೆ. ಆದುದರಿಂದ 2024ರ ಏಪ್ರಿಲ್-ಮೇದಲ್ಲಿ ನಾಲ್ಕು ವಿಷಯ, ಅಕ್ಟೋಬರ್-ನವೆಂಬರ್‌ನಲ್ಲಿ ಗಣಿತ ಮತ್ತು ವಿಜ್ಞಾನ; 2025ರ ಜೂನಿಗೆ ಕಾಲೇಜು. ಮನೆಯಲ್ಲಿ ಬರೆದು ಅಧ್ಯಯನ ಕೇಂದ್ರಕ್ಕೆ ಸಲ್ಲಿಸಬೇಕಾದ ಉತ್ತರಗಳಿಗೂ ಅಂಕಗಳಿವೆ. ಅವುಗಳನ್ನು ಮಾವನವರು ಹಳೆಯ ಶಿಸ್ತಿನಿಂದ ಎರಡೆರಡು ಸಲ ಬರೆಯಿಸಿದರು. ಗಣಿತದಲ್ಲಿ ನನ್ನ ವಿದ್ಯೆ ಸಾಲದೆ ನಿವೃತ್ತ ಶಿಕ್ಷಕಿಯೊಬ್ಬರ ಮನೆಗೆ ವಾರಕ್ಕೆ ಮೂರು ದಿನ ಕಳಿಸಿದೆವು. ಮನೆಶಿಕ್ಷಣವೆಂದರೆ ಎಲ್ಲವನ್ನೂ ತಾಯಿಯೇ ಕಲಿಸುವುದೆಂದು ನಾನೂ ಮೊದಲು ತಿಳಿದಿದ್ದೆ.

ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಕೇಂದ್ರದಲ್ಲಿ ಅಪರಿಚಿತರೆದುರು ಉತ್ತರ ಹೇಳಬೇಕಾಗಿತ್ತು. ನಾನು ಹೊರಗಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಆ ಅರ್ಧ ತಾಸನ್ನು ಹೇಗೆ ಕಳೆದೆನೋ ಆ ಬಸವಣ್ಣನೇ ಬಲ್ಲ. “ಲಿಟ್ಮಸ್” ಎಂಬ ಶಬ್ದದ ಮುಂದೆ ಅವಳ ನಾಲಗೆ ನಿಂತೇಬಿಟ್ಟಿತಂತೆ. ಪರೀಕ್ಷಕರು ಕಾದರಂತೆ. ಬರದಿದ್ದಾಗ ಅವಳೇ ಪೆನ್ನು ತೆಗೆದು ಕಾಗದದ ಮೇಲೆ ಬರೆದು ತೋರಿಸಿದಳಂತೆ. “ಸರಿ, ಮುಂದಿನದು” ಎಂದರಂತೆ ಅವರು. ಅಷ್ಟೇ ನಡೆದದ್ದು. ಮನೆಗೆ ಬರುವ ದಾರಿಯಲ್ಲಿ ಅವಳು ಗಿರಮಿಟ್ಟು ಕೇಳಿದಳು.

ಫಲಿತಾಂಶ ದೊಡ್ಡದಾಗಿ ಹೇಳಿಕೊಳ್ಳುವಂಥದಲ್ಲ, ತಲೆ ತಗ್ಗಿಸುವಂಥದೂ ಅಲ್ಲ. ಗಣಿತದಲ್ಲಿ 61, ಚಿತ್ರಕಲೆಯಲ್ಲಿ 88. ಕಳೆದುಕೊಂಡದ್ದೂ ಉಂಟು. ಹಿಂದಿ ಬರುವುದಿಲ್ಲ. ಕೂಡಿ ಆಡುವ ಆಟಗಳು ತಪ್ಪಿದವು. ನಾಲ್ಕು ವರ್ಷ ಅವಳ ಓರಗೆಯವರೆಂದರೆ ಗಣಿತ ಕಲಿಸುವ ಬಾಯಿಯವರ ಮನೆಯಲ್ಲಿ ಸೇರುತ್ತಿದ್ದ ಇಬ್ಬರು ಹುಡುಗಿಯರು ಮಾತ್ರ. ನನ್ನ ಸಂಬಳ ನಿಂತದ್ದರಿಂದ ಮನೆಯ ಮೇಲಿನ ಸಾಲ ಇನ್ನೂ ತೀರಿಲ್ಲ. ಈಚೆಗೆ ನಮ್ಮ ಬಂಧುವರ್ಗದ ಇಬ್ಬರು ತಾಯಂದಿರು, “ನೀವು ಮಾಡಿದಂಗ ನಾವೂ ಮಾಡೋಣೇನ್ರಿ?” ಎಂದು ಕೇಳಿದರು. ಇಬ್ಬರ ಮಕ್ಕಳೂ ಶಾಲೆಯಲ್ಲಿ ಸುಖವಾಗಿದ್ದಾರೆ. ನಾನು ಬೇಡವೆಂದೆ, ಬಿಡಿಸುವುದೇ ಅನಿವಾರ್ಯವಾದರೆ ಮೊದಲು ಮಗುವನ್ನು ಕೇಳಿ, ಆ ಮೇಲೆ ಹನ್ನೆರಡನೆಯ ಇಯತ್ತೆಯ ಆಚೆಗಿನ ನಿಯಮಗಳನ್ನು ಓದಿ, ಹತ್ತನೆಯದರ ಪುಸ್ತಕಗಳನ್ನು ಕೊನೆಗೆ ಕೊಳ್ಳಿರೆಂದು ಹೇಳಿದೆ.

2025ರ ಜೂನಿನಲ್ಲಿ ಪಿ.ಯು. ಕಾಲೇಜಿನ ಪ್ರವೇಶಕ್ಕೆ ನಾವು ಮೂವರೂ ಹೋದೆವು. ಗುಮಾಸ್ತರು ಅಂಕಪಟ್ಟಿಯನ್ನೂ ವಲಸೆ ಪ್ರಮಾಣಪತ್ರವನ್ನೂ ತಿರುವಿ ತಿರುವಿ ನೋಡಿ, ಪ್ರೌಢಶಾಲೆ ಯಾವುದೆಂದು ಕೇಳಿದರು. ಮಗಳು ಬಾಯಿ ತೆರೆದಳು, ತಡೆಯಿತು. ನಾನು ಉತ್ತರಿಸಹೋದೆ. ಮಾವನವರು ನನ್ನ ಕೈಯನ್ನು ಮೆಲ್ಲಗೆ ಹಿಡಿದರು. ಗುಮಾಸ್ತರು ಪೆನ್ನು ಹಿಡಿದುಕೊಂಡೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಹೇಳಿದಳು, ಪೂರ್ತಿ ಹೇಳಿದಳು, ಅವರು ಬರೆದುಕೊಂಡರು.

ಆ ರಾತ್ರಿ ಮಾವನವರು ಫೈಲಿನ ಒಳಬದಿಯನ್ನು ನನಗೆ ತೋರಿಸಿದರು. ಪೆನ್ಸಿಲಿನಲ್ಲಿ ಎಂಟು ಮನೆಗಳನ್ನು ಬರೆದಿದ್ದರು. ಆರಕ್ಕೆ ಗುರುತು ಬಿದ್ದಿತ್ತು. ಇಂದು ಪ್ರವೇಶವಾಯಿತಲ್ಲ, ಏಳನೆಯದಕ್ಕೂ ಹಾಕಿಬಿಡಿರಿ ಎಂದೆ.

“ವರ್ಷದ ಹಾಜರಿ ಮುಗೀದs ಗುರುತು ಹಾಕೂದು ಹೆಡ್‌ಮಾಸ್ತರನ ಪದ್ಧತಿ ಅಲ್ಲ, ತಂಗಿ” ಎಂದು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಫೈಲು ಮುಚ್ಚಿದರು.